ಭಂಡಾರ ಎತ್ತದ ಹುಡುಗಿ

ಕೌನ್ಸೆಲರ್‌ಗೆ ಸಿಟ್ಟು ಬರಬಾರದು ಎಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಎದುರಿಗೆ ಕೂತವರು ಏನೇ ಹೇಳಲಿ, ಮುಖದ ಮೇಲೆ ಒಂದು ಗೆರೆ ಕದಲಬಾರದಂತೆ. ಹೇಳಿಕೊಟ್ಟವರು ಸೊಲ್ಲಾಪುರದ ಆ ಸೀರೆ ಅಂಗಡಿಯ ಬಾಯಿಯನ್ನು, ಅಂದರೆ ಅಂಗಡಿಯ ಒಡತಿಯನ್ನು, ನೋಡಿರಲಿಲ್ಲ. ನಾನು ನೋಡಿದ್ದೇನೆ. ಅವಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಆಸೆ ಇಲ್ಲವೆಂದಲ್ಲ, ಬೇಕಾದಷ್ಟಿದೆ. ಆದರೆ ಯಾರ ಹೆಸರೂ ನಮ್ಮ ಬಾಯಿಂದ ಹೊರಗೆ ಹೋಗಬಾರದು ಎಂಬುದು ಈ ಕೆಲಸದ ಮೊದಲ ನಿಯಮ, ಅದನ್ನು ಅವಳಿಗಾಗಿ ಮುರಿಯುವಷ್ಟು ದೊಡ್ಡವಳೇನಲ್ಲ ಅವಳು.

ನಾನು ಕೆಲಸ ಮಾಡುವುದು ಸೊಲ್ಲಾಪುರದ ಒಂದು ಎಆರ್‌ಟಿ ಕೇಂದ್ರದಲ್ಲಿ. ಎಚ್‌ಐವಿ ಇರುವವರ ರಕ್ತ ಪರೀಕ್ಷೆ ಮಾಡಿ, ಗುಳಿಗೆ ಕೊಟ್ಟು, ಅದನ್ನು ಅವರು ದಿನಾ ನುಂಗುವಂತೆ ನೋಡಿಕೊಳ್ಳುವ ಜಾಗ. ನುಂಗುವಂತೆ ನೋಡಿಕೊಳ್ಳುವ ಕೆಲಸ ನನ್ನದು. ನನ್ನ ಮೇಜಿಗೆ ಬರುವವರು ಹೆಚ್ಚಾಗಿ ಹರೆಯದವರು. ಹುಟ್ಟುವಾಗಲೇ ತಾಯಿಯಿಂದ ವೈರಸ್ ಬಂದವರು. ಚಿಕ್ಕವರಿದ್ದಾಗ ಮನೆಯವರು ಬಾಯಿಗೆ ಹಾಕಿದ್ದನ್ನು ನುಂಗಿರುತ್ತಾರೆ. ಮದುವೆ, ನೌಕರಿ, ಗೆಳೆಯರು ಎಂಬ ಮಾತು ಶುರುವಾದಾಗ ಒಂದು ದಿನ ಡಬ್ಬಿಯನ್ನು ಅಡಗಿಸಿಡುತ್ತಾರೆ. ಆ ದಿನ ಯಾವುದೆಂದು ಹುಡುಕುವುದೇ ನನ್ನ ಕೆಲಸ.

ತಡವಳದ ಆ ಹುಡುಗಿಯ ಬಗ್ಗೆ ನನಗೆ ಚಿಂತೆಯೇ ಇರಲಿಲ್ಲ. ಅಕ್ಕಲಕೋಟ ತಾಲೂಕಿನ ಊರು ಅದು. ಕುರಿ ಕಾಯುವ ಮನೆತನ, ಬೀರಪ್ಪನ ಒಕ್ಕಲು. ತಂದೆ ತಾಯಿ ಇಬ್ಬರೂ ತೀರಿಹೋಗಿ ಅಜ್ಜಿ ಬೆಳೆಸಿದ್ದಳು. ವರ್ಷಗಟ್ಟಲೆ ಅವಳ ವೈರಲ್ ಲೋಡ್ ಪರೀಕ್ಷೆಯಲ್ಲಿ, ಅಂದರೆ ರಕ್ತದಲ್ಲಿ ಎಷ್ಟು ವೈರಸ್ ಇದೆ ಎಂದು ನೋಡುವ ಪರೀಕ್ಷೆಯಲ್ಲಿ, ಏನೂ ಕಂಡಿರಲಿಲ್ಲ. ಹನ್ನೆರಡನೆಯ ತರಗತಿ ಮುಗಿಸಿ ಸೊಲ್ಲಾಪುರದ ಸೀರೆ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದ್ದಳು. ಅಂಗಡಿಯ ಮೇಲಿನ ಕೋಣೆಯಲ್ಲಿ ಬೇರೆ ಹುಡುಗಿಯರ ಜೊತೆ ಇರುತ್ತಿದ್ದಳು.

ಗುಳಿಗೆಯನ್ನು ಗಡಿಯಾರಕ್ಕೆ ಕಟ್ಟಬೇಡಿ, ದಿನಾ ತಪ್ಪದೆ ಮಾಡುವ ಒಂದು ಕೆಲಸಕ್ಕೆ ಕಟ್ಟಿ ಎಂದು ನಾವು ಹೇಳಿಕೊಡುತ್ತೇವೆ. ಒಬ್ಬರು ಹಲ್ಲುಜ್ಜುವುದಕ್ಕೆ ಕಟ್ಟುತ್ತಾರೆ, ಇನ್ನೊಬ್ಬರು ರಾತ್ರಿ ಊಟಕ್ಕೆ. ಈ ಹುಡುಗಿಗೆ ನಾನೇ ಹುಡುಕಿಕೊಟ್ಟದ್ದು ಭಂಡಾರ. ದೀಪ ಹಚ್ಚುವ ಹೊತ್ತಿಗೆ ಬೀರಪ್ಪನ ಅರಿಶಿಣ ಪುಡಿ ಹಣೆಗೆ ಹಚ್ಚಿಕೊಳ್ಳದೆ ಅವಳು ನೀರು ಕೂಡ ಕುಡಿಯುತ್ತಿರಲಿಲ್ಲ. "ಭಂಡಾರ ಹಚ್ಕೋ, ಕೂಡಲೇ ಗುಳಗಿ ತಗೋ. ಒಂದ ಬಿಟ್ಟ ಒಂದ ಆಗಬಾರ್ದು" ಎಂದಿದ್ದೆ. ಎಷ್ಟೋ ವರ್ಷ ಹಾಗೇ ನಡೆಯಿತು. ನನ್ನ ಜಾಣತನದ ಬಗ್ಗೆ ನನಗೇ ಹೆಮ್ಮೆ ಇತ್ತು.

ಒಂದು ಸಲ ರಿಪೋರ್ಟ್ ಬಂತು. ವೈರಲ್ ಲೋಡ್ ಸಾವಿರದ ಗೆರೆಯನ್ನು ದಾಟಿ ಎಲ್ಲೋ ಮೇಲೆ ಹೋಗಿತ್ತು. ಡಾಕ್ಟರ್ ಸಾಹೇಬರು ಕಾಗದವನ್ನು ನನ್ನ ಮುಂದೆ ಇಟ್ಟರು. ಹೀಗಾದಾಗ ಮೂರು ತಿಂಗಳು ಬಿಗಿಯಾಗಿ ಕೌನ್ಸೆಲಿಂಗ್ ಮಾಡಿ, ಮತ್ತೆ ಪರೀಕ್ಷೆ ಮಾಡಿಸಬೇಕು. ಆಗಲೂ ಇಳಿಯದಿದ್ದರೆ ಗುಳಿಗೆ ಕೆಲಸ ಮಾಡುತ್ತಿಲ್ಲವೆಂದು ಎರಡನೇ ಸಾಲಿನ ಔಷಧಿಗೆ ಹೋಗಬೇಕು. ಇವಳಿಗಿನ್ನೂ ಹತ್ತೊಂಬತ್ತು. ಇಡೀ ಆಯುಷ್ಯ ಮುಂದಿದೆ. ಇರುವ ಔಷಧಿಗಳನ್ನು ಈ ವಯಸ್ಸಿನಲ್ಲೇ ಒಂದೊಂದಾಗಿ ಸುಟ್ಟುಕೊಳ್ಳುತ್ತ ಹೋದರೆ ಮುಂದೆ ಏನು ಉಳಿಯುತ್ತದೆ?

ಅವಳನ್ನು ಕೂರಿಸಿಕೊಂಡು ಕೇಳಬೇಕಾದದ್ದನ್ನೆಲ್ಲ ಕೇಳಿದೆ. ಕ್ಯಾಲ್ಶಿಯಂ ಗುಳಿಗೆ, ರಕ್ತ ಹೆಚ್ಚಾಗುವ ಕಬ್ಬಿಣದ ಗುಳಿಗೆ, ಪಿತ್ತಕ್ಕೆ ಕುಡಿಯುವ ಔಷಧಿ ಏನಾದರೂ ಜೊತೆಗೇ ತೆಗೆದುಕೊಳ್ಳುತ್ತೀಯಾ? ಅವು ನಮ್ಮ ಗುಳಿಗೆಯನ್ನು ಹೊಟ್ಟೆಯಲ್ಲೇ ಹಿಡಿದಿಟ್ಟುಬಿಡುತ್ತವೆ. ಇಲ್ಲ. ವಾಂತಿ ಆಗುತ್ತದೆಯಾ? ಇಲ್ಲ. ಯಾರಾದರೂ ಗಿಡಮೂಲಿಕೆ ಕೊಟ್ಟರಾ? ಇಲ್ಲ.

"ಅಂಗಡಿ ಹ್ಯಾಂಗದ?"

"ಛಲೋ ಅದರಿ ಅಕ್ಕಾ."

"ಗುಳಗಿ ತಗೋತಿ ಹೌದಿಲ್ಲೋ?"

"ತಗೋತೀನ್ರಿ."

ಖಾಲಿ ಡಬ್ಬಿ ತೋರಿಸಿದಳು. ಮೊಬೈಲಿನಲ್ಲಿ ಅಲಾರಂ ಇಟ್ಟುಕೊಟ್ಟು ಕಳಿಸಿದೆ. ಅವಳ ಹಣೆಯ ಮೇಲೆ ಭಂಡಾರ ಇರಲಿಲ್ಲ. ಅದು ನನ್ನ ಕಣ್ಣಿಗೆ ಬಿದ್ದಿತ್ತು ಕೂಡ. ಪೇಟೆಯ ಅಂಗಡಿಯಲ್ಲಿ ನಿಲ್ಲುವ ಹುಡುಗಿ, ಅರಿಶಿಣ ಬಿಟ್ಟು ಟಿಕಳಿ ಹಚ್ಚುವ ವಯಸ್ಸು ಎಂದುಕೊಂಡು ಸುಮ್ಮನಾದೆ.

ಮುಂದಿನ ತಿಂಗಳು ಬಂದಾಗ ತೂಕ ಇಳಿದಿತ್ತು. ಅದರ ಮುಂದಿನ ತಿಂಗಳು ಬರಲೇ ಇಲ್ಲ. ಫೋನ್ ಮಾಡಿದರೆ ಎತ್ತುವವರಿಲ್ಲ.

ಮನೆಗೆ ಬರಬಹುದು ಎಂದು ಅಜ್ಜಿ ಮೊದಲೇ ಒಪ್ಪಿಗೆ ಕೊಟ್ಟಿದ್ದಳು. ನಾನು ಅಕ್ಕಲಕೋಟಕ್ಕೆ ಬಸ್ಸು ಹಿಡಿದು, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ತಡವಳಕ್ಕೆ ಹೋದೆ. ಇಂಥ ಮನೆಗಳಿಗೆ ಹೋಗುವಾಗ ನಾನು ಬಚತ ಗಟದ ಬಾಯಿ. ಹೆಣ್ಣುಮಕ್ಕಳ ಉಳಿತಾಯ ಸಂಘದವಳು ಎಂದರೆ ಯಾರೂ ಎರಡನೇ ಮಾತು ಕೇಳುವುದಿಲ್ಲ. ಆ ದಿನ ಮಾತ್ರ ಬಸ್ ನಿಲ್ದಾಣದಲ್ಲಿ ಮನೆಯ ದಾರಿ ಕೇಳಿದರೆ, ಕಡಲೆ ಮಾರುವವಳು ನನ್ನನ್ನು ಕೆಳಗಿಂದ ಮೇಲೆ ನೋಡಿ, "ದವಾಖಾನಿಯಾಕಿ ಏನ್ರಿ ನೀವ?" ಎಂದಳು. ಊರಿಗೇ ಗೊತ್ತಾಗಿದೆ.

ಹುಡುಗಿ ಮನೆಯಲ್ಲೇ ಇದ್ದಳು. ಕೆಲಸ ಬಿಟ್ಟು ಬಹಳ ದಿನ ಆಗಿದೆಯೆಂದು ಆಗ ತಿಳಿಯಿತು. ಅಜ್ಜಿ ಚಹಾ ಇಟ್ಟಳು. ದೇವರ ಗೂಡಿನಲ್ಲಿ ಹಿತ್ತಾಳೆಯ ಬಟ್ಟಲ ತುಂಬ ಭಂಡಾರ ಇತ್ತು, ಅಜ್ಜಿಯ ಹಣೆಯ ಮೇಲೆ ಅಂಗೈಯಗಲ ಇತ್ತು. ಮೊಮ್ಮಗಳ ಹಣೆಯ ಮೇಲೆ ಒಂದು ಚಿಟಿಕೆಯೂ ಇಲ್ಲ.

"ಇಕಿ ಯಾಕ ಹಚ್ಕೊಂಡಿಲ್ಲ, ಆಯಿ?" ಎಂದು ಅಜ್ಜಿಯನ್ನೇ ಕೇಳಿದೆ.

"ಮುಟ್ಟಾಂಗಿಲ್ಲಬೇ ಇಕಿ. ಬಟ್ಟಲ ಕಂಡ್ರ ಮಾರಿ ತಿರುವ್ತಾಳ. ಬೀರಪ್ಪನ ಕೂಡ ಸಿಟ್ಟಾಗ್ಯಾಳ" ಎಂದಳು ಅಜ್ಜಿ.

ಚಹಾದ ಬಟ್ಟಲನ್ನು ಕೆಳಗಿಟ್ಟೆ. ಭಂಡಾರ ಹೋದರೆ ಗುಳಿಗೆ ಹೋಗುತ್ತದೆ. ಎರಡನ್ನೂ ಒಂದಕ್ಕೊಂದು ಕಟ್ಟಿದವಳೇ ನಾನು.

ಹಟ್ಟಿಯ ಹಿಂದೆ ಕುರಿಗಳ ದೊಡ್ಡಿಯ ಹತ್ತಿರ ಕೂತು ಹುಡುಗಿ ಹೇಳಿದಳು. ಮೇಲಿನ ಕೋಣೆಯಲ್ಲಿ ಒಬ್ಬಳು ಸೂಜಿದಾರ ಹುಡುಕುತ್ತ ಇವಳ ಚೀಲಕ್ಕೆ ಕೈ ಹಾಕಿದ್ದಾಳೆ. ಗುಳಿಗೆಯ ಡಬ್ಬಿ ಸಿಕ್ಕಿದೆ. ಮೊಬೈಲಿನಲ್ಲಿ ಆ ಹೆಸರು ಹಾಕಿ ನೋಡಿದ್ದಾಳೆ. ಸುದ್ದಿ ಕೆಳಗೆ ಅಂಗಡಿ ಬಾಯಿಗೆ ಮುಟ್ಟಿದೆ. ಆ ಬಾಯಿಯ ಮನೆದೇವರು ಖಂಡೋಬಾ, ನಾವು ಮೈಲಾರ ಅನ್ನುವುದು ಅವನನ್ನೇ. ಅವಳ ದುಡ್ಡಿನ ಗಲ್ಲೆಯ ಮೇಲೂ ಭಂಡಾರದ ಬಟ್ಟಲು ಇರುತ್ತದೆ. ದೀಪ ಹಚ್ಚುವ ಹೊತ್ತಿಗೆ ಹುಡುಗಿಯರನ್ನೆಲ್ಲ ಸಾಲಾಗಿ ನಿಲ್ಲಿಸಿ, ಬಟ್ಟಲನ್ನು ಇವಳ ಮುಂದೆ ಹಿಡಿದಿದ್ದಾಳೆ. "ನನಗ ಆ ರೋಗ ಇಲ್ಲ ಅಂತ ಹೇಳಿ ಭಂಡಾರ ಎತ್ತು. ನಾ ಸುಮ್ಮ ಆಗ್ತೀನಿ" ಎಂದಿದ್ದಾಳೆ.

ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಭಂಡಾರ ಕೈಯಲ್ಲಿ ಹಿಡಿದು ಆಡಿದ ಮಾತು ಆಣೆ. ಅದರ ಮೇಲೆ ಸುಳ್ಳು ಹೇಳಿದರೆ ವಂಶ ಉಳಿಯುವುದಿಲ್ಲ ಎಂದು ಕುರುಬರ ಮಕ್ಕಳಿಗೆ ಮಾತು ಕಲಿಸುವಾಗಲೇ ಕಲಿಸಿರುತ್ತಾರೆ.

"ಸುಳ್ಳ ಹೇಳಾಕ ಬರ್ತಿತ್ತರಿ ಅಕ್ಕಾ. ಪೋಲೀಸರ ಮುಂದ ನಿಂದ್ರಿಸಿದ್ರೂ ಹೇಳ್ತಿದ್ದೆ. ಭಂಡಾರ ಹಿಡದ ಹ್ಯಾಂಗ ಹೇಳ್ಲಿ? ಕೈನ ಏಳಲಿಲ್ಲ. ಅಷ್ಟ ಸಾಕಾತು ಅಕಿಗಿ."

"ಆಮ್ಯಾಲ?"

"ಮರಾಯಚಂ ಅಸೇಲ ತರ ಘರೀ ಜಾವೂನ ಮರ ಅಂದ್ಲು."

ಸಾಯುವುದಿದ್ದರೆ ಮನೆಗೆ ಹೋಗಿ ಸಾಯಿ ಅಂತ. ಅಷ್ಟಕ್ಕೇ ಬಿಡಲಿಲ್ಲ ಅವಳು. ಮದುವೆಯ ಜವಳಿಗೆ ತಡವಳದ ಗಿರಾಕಿಗಳು ಹೋದಾಗ ಸೀರೆ ಬಿಡಿಸುತ್ತ ಬಿಡಿಸುತ್ತ ಇವಳ ಕಥೆಯನ್ನೂ ಬಿಡಿಸಿದ್ದಾಳೆ. ಊರಿನ ನಳದ ಹತ್ತಿರ ಹೆಂಗಸರು ಇವಳ ಕೊಡ ಕಂಡರೆ ತಮ್ಮ ಕೊಡ ಎತ್ತಿಕೊಳ್ಳತೊಡಗಿದರು. ಅಜ್ಜಿ ಒಳಗಿನಿಂದಲೇ ಕೂಗಿದಳು, "ಅಕಿ ಬಾಯಾಗ ಮಣ್ಣ ಬೀಳ್ಲಿ! ಅಕಿ ಗಲ್ಲೆಕ್ಕ ಬೆಂಕಿ ಹತ್ಲಿ!" ನಾನು ತರಬೇತಿ ಪಡೆದವಳು. ಬಾಯಿಬಿಟ್ಟು ತಥಾಸ್ತು ಅನ್ನಲಿಲ್ಲ, ಅಷ್ಟೇ.

ಮರುದಿನ ನಾನು ಆ ಅಂಗಡಿಗೆ ಹೋದೆ. ಹೋಗಬಾರದಿತ್ತು, ಹೋದೆ. ಬಾಯಿ ಬಿಳಿ ಗಾದಿಯ ಮೇಲೆ ಕೂತಿದ್ದಳು. ತುಂಬಿದ ಮೈ, ಹಸನ್ಮುಖಿ. "ಯಾ ತಾಈ, ಬಸಾ. ಇರಕಲ್ ತೋರಸ್ಲಿ?" ಎಂದು ಕರೆದು ಕೂರಿಸಿ, ಚಹಾ ಬೇರೆ ತರಿಸಿದಳು. ನನ್ನ ನಾಲಗೆಯ ತುದಿಯಲ್ಲಿ ಏನೇನು ಇತ್ತು, ನನಗೇ ಗೊತ್ತು. ಒಂದು ಮಾತು ಆಡಿದರೂ ನಾನು ಎಲ್ಲಿಂದ ಬಂದವಳು, ಯಾರ ಪರವಾಗಿ ಬಂದವಳು ಎಂದು ಅವಳಿಗೆ ತಿಳಿಯುತ್ತದೆ. ಆಗ ಅವಳು ಮಾಡಿದ್ದನ್ನೇ ನಾನೂ ಮಾಡಿದಂತಾಗುತ್ತದೆ. ಹಲ್ಲು ಕಚ್ಚಿಕೊಂಡು ಚಹಾ ಕುಡಿದೆ. ಕೊನೆಗೆ ಸಿಟ್ಟಿನ ಭರದಲ್ಲಿ ಒಂದು ಹಸಿರು ಇರಕಲ್, ಅದೇ ಇಳಕಲ್ ಸೀರೆ ತೆಗೆದುಕೊಂಡು ಹೊರಗೆ ಬಂದೆ. ಸೊಲ್ಲಾಪುರದ ಪಕ್ಕದ ಕುಂಭಾರಿಯ ನಮ್ಮ ಮನೆಯಲ್ಲಿ, ಇಷ್ಟು ಛಲೋ ಸೀರೆ ಎಲ್ಲಿ ಸಿಕ್ಕಿತು ಎಂದು ಎಲ್ಲರೂ ಕೇಳುವವರೇ. ಕಪಾಟಿನ ತಳಕ್ಕೆ ಎಸೆದೆ.

ಮತ್ತೆ ತಡವಳಕ್ಕೆ ಹೋಗಿ, ದೂರು ಕೊಡೋಣ ಎಂದೆ ಹುಡುಗಿಗೆ. ಎಚ್‌ಐವಿ ಇದೆಯೆಂದು ಕೆಲಸದಿಂದ ತೆಗೆಯುವುದನ್ನು, ಆ ಸುದ್ದಿಯನ್ನು ಊರಿಗೆ ಹಂಚುವುದನ್ನು ಕಾನೂನು ಒಪ್ಪುವುದಿಲ್ಲ. ಹೆಸರು ಮುಚ್ಚಿಟ್ಟು ವಿಚಾರಣೆ ನಡೆಸಲೂ ದಾರಿ ಇದೆ. ಅವಳು ತಲೆ ಅಲ್ಲಾಡಿಸಿದಳು.

"ಬ್ಯಾಡ್ರಿ ಅಕ್ಕಾ. ತಾರೀಖ ಅಂತ ಹೋಗೂದು, ವಕೀಲರಿಗಿ ಹೇಳೂದು. ಮತ್ತ ಮತ್ತ ಅದನ್ನ ಹೇಳಬೇಕು ನಾ."

"ಹಂಗಾರ ಗುಳಗಿ ಶುರು ಮಾಡು."

"ಆಗವಲ್ದರಿ. ದೀಪ ಹಚ್ಚೂ ಹೊತ್ತಾತು ಅಂದ್ರ ಬಟ್ಟಲ ನೆನಪಾಗ್ತದ. ಬಟ್ಟಲ ನೆನಪಾದ್ರ ಅಕಿ ಮಾರಿ ಕಾಣ್ತದ. ಗುಳಗಿ ಗಂಟಲಾಗ ಇಳಿಯೂದಿಲ್ಲ. ಹಿತ್ತಲಕ್ಕ ಒಗದ ಬರ್ತಿದ್ದೆ."

ಹೊತ್ತು ಬದಲಾಯಿಸೋಣ, ಮುಂಜಾನೆಗೆ ಇಡೋಣ, ಅಜ್ಜಿಯ ಕೈಯಿಂದ ಕೊಡಿಸೋಣ ಎಂದು ನಮ್ಮ ಪುಸ್ತಕದಲ್ಲಿ ಇದ್ದಷ್ಟು ಉಪಾಯ ಹೇಳಿದೆ. ಹ್ಞೂ ಅನ್ನುತ್ತಿದ್ದಳು, ಕಣ್ಣು ಎಲ್ಲೋ ಇತ್ತು. ಆಗ ನನ್ನ ತಾಳ್ಮೆ ಕೆಟ್ಟಿತು.

"ಅಕಿ ಏನಂದ್ಲು ನಿನಗ? ಮನಿಗಿ ಹೋಗಿ ಸಾಯಿ ಅಂದ್ಲು. ನೀ ಏನ ಮಾಡಾಕತ್ತಿ? ಮನಿಗಿ ಬಂದ ಸಾಯಾಕತ್ತಿ! ಅಕಿ ಹೇಳಿದ್ದ ಕೆಲಸ ಇಷ್ಟ ಚೊಕ್ಕ ಅಂಗಡ್ಯಾಗರೆ ಮಾಡಿದ್ದ್ಯೋ ಇಲ್ಲೋ?"

ಅವಳು ತಲೆ ಎತ್ತಿದಳು. ಮುಖ ಕೆಂಪಾಗಿತ್ತು.

"ಅಕಿ ಮಾರಿ ಕಾಣ್ತದಲ್ಲ, ಕಾಣ್ಲಿ. ಅದನ್ನ ನೋಡ್ಕೋತನ ನುಂಗು. ಮದಲ ಒಂದ ಬೈ, ಆಮ್ಯಾಲ ಗುಳಗಿ. ಬೈಯದ ನುಂಗಬ್ಯಾಡ, ನುಂಗದ ಬೈಬ್ಯಾಡ."

"ಏನಂತ ಬೈಲ್ರಿ?"

"ಅದನ್ನೂ ನಾನ ಕಲಸ್ಲೇನು? ಮನ್ಯಾಗ ಆಯಿ ಇಲ್ಲ?"

ಅಷ್ಟು ದಿನಗಳಲ್ಲಿ ಮೊದಲ ಸಲ ನಕ್ಕಳು. ಅಲ್ಲೇ, ದೊಡ್ಡಿಯ ಪಕ್ಕದಲ್ಲೇ ನಿಂತು ಕನ್ನಡದಲ್ಲೊಂದು, ಮರಾಠಿಯಲ್ಲೊಂದು ಹಾಕಿ, ಗುಳಿಗೆ ಬಾಯಿಗೆ ಎಸೆದುಕೊಂಡು ನೀರು ಕುಡಿದಳು. ಆ ಬೈಗುಳಗಳನ್ನು ಇಲ್ಲಿ ಬರೆಯುವಂತಿಲ್ಲ.

ಡಾಕ್ಟರ್ ಸಾಹೇಬರಿಗೆ ಇದನ್ನು ಹೇಳಿದಾಗ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಮ್ಯಾಡಮ್, ಹೇ ಕುಠಲ್ಯಾ ಮಾಡ್ಯೂಲಮಧ್ಯೇ ಆಹೇ?" ಎಂದರು. ಯಾವ ಪಾಠದಲ್ಲಿದೆ ಇದು? ಯಾವ ಪಾಠದಲ್ಲೂ ಇಲ್ಲ ಎಂದೆ. ಕನ್ನಡಕ ಮತ್ತೆ ಹಾಕಿಕೊಂಡು ಕೇಳಿದರು, "ಆಣಿ ರಾಗ ಗೇಲಾ ತರ?" ಸಿಟ್ಟು ಇಳಿದುಹೋದರೆ?

"ಇಳಿಯೂದಿಲ್ಲ ಸರ್. ನಾ ಇಳ್ಯಾಕ ಬಿಡಂಗಿಲ್ಲ" ಎಂದೆ.

ಆದರೆ ಆ ಬಾಯಿ ಕೊಟ್ಟ ಪೆಟ್ಟು ಇನ್ನೂ ಮುಗಿದಿರಲಿಲ್ಲ. ಕೆಮ್ಮು, ಜ್ವರ, ತೂಕ ಇಳಿಯುವುದು, ಮಲಗಿದಾಗ ಬೆವರುವುದು, ಈ ನಾಲ್ಕನ್ನು ನಾವು ಪ್ರತಿ ಭೇಟಿಯಲ್ಲೂ ಕೇಳಲೇಬೇಕು. ಮರುತಿಂಗಳು ಕೇಳಿದಾಗ ನಾಲ್ಕಕ್ಕೂ ಹೌದು ಎಂದಳು. ಕಫದ ಪರೀಕ್ಷೆಯಲ್ಲಿ ಟಿಬಿ ಬಂತು. ಗುಳಿಗೆ ಹಿತ್ತಿಲಿಗೆ ಹೋದ ತಿಂಗಳುಗಳಲ್ಲಿ ಮೈಯ ಕಾವಲು ಕುಸಿದಿತ್ತು, ಟಿಬಿ ಒಳಗೆ ನುಗ್ಗಿತ್ತು. ರಿಪೋರ್ಟ್ ಹಿಡಿದು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ಅದು ದುಃಖದ ಅಳುವಲ್ಲ. ಆ ಹೆಂಗಸು ಆ ಹೊತ್ತಿನಲ್ಲಿ ಗಾದಿಯ ಮೇಲೆ ಕೂತು ಯಾರಿಗೋ ಚಹಾ ತರಿಸುತ್ತಿರುತ್ತಾಳಲ್ಲ ಎಂಬ ಉರಿ.

ಟಿಬಿಯ ಔಷಧಿಯಲ್ಲಿ ಒಂದು ತೊಡಕಿದೆ. ಅದು ಎಚ್‌ಐವಿ ಗುಳಿಗೆಯ ಬಲವನ್ನು ರಕ್ತದಲ್ಲಿ ಇಳಿಸಿಬಿಡುತ್ತದೆ. ಅದಕ್ಕಾಗಿ ಸಂಜೆಯ ಗುಳಿಗೆಯ ಜೊತೆಗೆ ಮುಂಜಾನೆ ಇನ್ನೊಂದು ಸೇರಿಸಬೇಕು. ಮೇಲೆ ಟಿಬಿಯವು ಬೇರೆ. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ, ಹೆದರಬೇಡ, ಹೊಟ್ಟೆ ತೊಳಸಿದರೂ ಬಿಡಬೇಡ ಎಂದು ಒಂದೊಂದಾಗಿ ಹೇಳಿದೆ. ಈ ರಾಶಿ ನೋಡಿ ಇವಳು ಕೈಚೆಲ್ಲುತ್ತಾಳೆ ಎಂಬುದೇ ನನ್ನ ಭಯ. ಎಲುಬು ಕಾಣುವಂತಾಗಿದ್ದ ಹುಡುಗಿ ಕೆಮ್ಮುತ್ತ, ಬಾಯಿಗೆ ಕಟ್ಟಿದ ಬಟ್ಟೆಯ ಹಿಂದಿನಿಂದ ಕೇಳಿದಳು:

"ಅಂದ್ರ ಈಗ ಮುಂಜಾನಿನೂ ಬೈಬೇಕೇನ್ರಿ ಅಕಿಗಿ?"

"ಎರಡೂ ಹೊತ್ತು" ಎಂದೆ.

ಬೈದಳು. ಅಜ್ಜಿಯೂ ಕೂಡಿಕೊಂಡಳು. ದೊಡ್ಡಿಯಿಂದ ಕುರಿ ಬಿಡುವ ಹೊತ್ತಿಗೆ ಒಂದು ಸಲ, ಕುರಿ ಮರಳುವ ಹೊತ್ತಿಗೆ ಒಂದು ಸಲ, ಅಜ್ಜಿ ಮೊಮ್ಮಗಳು ಸೇರಿ ಆ ಬಾಯಿಯ ಏಳು ತಲೆಮಾರನ್ನು ತೊಳೆದು ಹಾಕುತ್ತಿದ್ದರು. ನಾನು ಫೋನಿನಲ್ಲಿ ಕೇಳಿಸಿಕೊಳ್ಳುತ್ತಿದ್ದೆ. ಮೊದಲು ಜ್ವರ ಬಿಟ್ಟಿತು. ಆಮೇಲೆ ರೊಟ್ಟಿ ಸೇರತೊಡಗಿತು. ಮೂರು ತಿಂಗಳ ನಂತರದ ವೈರಲ್ ಲೋಡ್ ರಿಪೋರ್ಟನ್ನು ಡಾಕ್ಟರ್ ಸಾಹೇಬರು ತಾವೇ ತಂದು ನನ್ನ ಕೈಗೆ ಕೊಟ್ಟರು. ಮತ್ತೆ ಏನೂ ಕಾಣಿಸಿರಲಿಲ್ಲ. ಎರಡನೇ ಸಾಲಿನ ಔಷಧಿ ಬೇಕಾಗಲಿಲ್ಲ. "ಶಿವ್ಯಾ ಚಾಲೂ ಠೇವಾ" ಎಂದರು. ಬೈಗುಳ ನಿಲ್ಲಿಸಬೇಡಿ ಅಂತ.

ಟಿಬಿಯ ಔಷಧಿ ಮುಗಿದ ಮೇಲೆ ಒಂದು ದಿನ ಅವಳೇ ಬಂದಳು. ಗಲ್ಲಗಳು ತುಂಬಿಕೊಂಡಿದ್ದವು.

"ಅಂಗಡಿಗಿ ಹೋಗ್ಬೇಕ್ರಿ ಅಕ್ಕಾ. ನೀವೂ ಬರ್ರಿ. ಮಾತ ಮಾತ್ರ ನಂದ."

ಬೇಡ ಎನ್ನಬೇಕಿತ್ತೇನೋ. ಆದರೆ ಅಲ್ಲಿದ್ದವರೆಲ್ಲರಿಗೂ ಮೊದಲೇ ಗೊತ್ತಿತ್ತು, ಹೇಳುವ ಹಕ್ಕು ಅವಳದೇ ಆಗಿತ್ತು. ಇದು ನೆವ ಕೂಡ. ನಿಜ ಹೇಳಬೇಕೆಂದರೆ, ನನಗೇ ಹೋಗಬೇಕಾಗಿತ್ತು. ಕಪಾಟಿನ ತಳದಿಂದ ಹಸಿರು ಇರಕಲ್ ತೆಗೆದು ಉಟ್ಟುಕೊಂಡೆ.

ಲಗ್ನದ ಹಂಗಾಮು ಮುಗಿದು ಅಂಗಡಿ ಖಾಲಿ ಇತ್ತು. ದೀಪ ಹಚ್ಚುವ ಹೊತ್ತು. ಹುಡುಗಿ ಸೀದಾ ಹೋಗಿ ಗಿರಾಕಿಗಳ ಹಾಗೆ ಗಾದಿಯ ಮೇಲೆ ಕೂತಳು. ಬಾಯಿಗೆ ಒಮ್ಮೆಲೇ ಗುರುತು ಸಿಗಲಿಲ್ಲ. "ಯಾ, ಬಸಾ" ಅಂದವಳು ಮಾತನ್ನು ಅಲ್ಲಿಗೇ ನಿಲ್ಲಿಸಿದಳು. ಸೀರೆ ಮಡಚುತ್ತಿದ್ದ ಹುಡುಗಿಯರ ಕೈಯೂ ನಿಂತಿತು.

"ಸತ್ತಿಲ್ರಿ ಬಾಯಿ" ಎಂದಳು ನಮ್ಮ ಹುಡುಗಿ. ಎದ್ದು ಗಲ್ಲೆಯ ಮೇಲಿನ ಬಟ್ಟಲಿಗೆ ಕೈ ಹಾಕಿ ಹಿಡಿ ತುಂಬ ಭಂಡಾರ ಎತ್ತಿದಳು. "ಅವತ್ತ ಎತ್ಲಿಲ್ಲ. ಇವತ್ತ ಎತ್ತೀನಿ. ನನಗ ಎಚ್‌ಐವಿ ಅದ. ಹುಟ್ಟಿದಾಗಿಂದ ಅದ. ನನ್ನಿಂದ ಈ ಅಂಗಡ್ಯಾಗ ಒಬ್ಬರಿಗೂ ಏನೂ ಆಗಿಲ್ಲ, ಆಗೂದೂ ಇಲ್ಲ."

ನಂತರ ಎಡಗೈಯಿಂದ ಬಟ್ಟಲನ್ನು ಬಾಯಿಯ ಮುಂದೆ ಸರಿಸಿದಳು.

"ಈಗ ನೀವ ಎತ್ತರಿ. ತಡವಳದ ಗಿರಾಕಿ ಮುಂದ ನನ್ನ ಮಾತ ಆಡಿಲ್ಲ ಅಂತ ಹೇಳಿ ಎತ್ತರಿ. ನಾ ಸುಮ್ಮ ಆಗ್ತೀನಿ."

ಬಾಯಿ ಬಟ್ಟಲನ್ನು ನೋಡಿದಳು, ಗೋಡೆಯ ಮೇಲಿನ ಖಂಡೋಬಾನ ಫೋಟೋ ನೋಡಿದಳು, ನನ್ನ ಸೀರೆ ನೋಡಿದಳು. ಕೈ ಮಡಿಲಲ್ಲೇ ಇತ್ತು. ಮಡಚುವ ಹುಡುಗಿಯರಲ್ಲಿ ಒಬ್ಬಳು ಕೆಮ್ಮಿದಳು. ನಾನು ಆ ಮುಖವನ್ನು ಕಣ್ಣು ತುಂಬ ನೋಡಿದೆ. ಸುಳ್ಳೇಕೆ ಹೇಳಲಿ, ಹಬ್ಬದ ಊಟ ಉಂಡಂತಾಯಿತು.

ಅಷ್ಟರಲ್ಲಿ ಮೊಬೈಲಿನ ಅಲಾರಂ ಹೊಡೆಯಿತು. ಹುಡುಗಿ ಚೀಲದಿಂದ ಡಬ್ಬಿ ತೆಗೆದು, ಎಲ್ಲರಿಗೂ ಕೇಳುವಂತೆ ಗಲಗಲ ಅಲ್ಲಾಡಿಸಿ, ಒಂದು ಗುಳಿಗೆ ತೆಗೆದಳು.

"ನೀರ ಕೊಡ್ರಿ ಬಾಯಿ."

ಹುಡುಗಿಯೊಬ್ಬಳು ಏಳಲು ಹೋದಳು. "ನೀ ಕುಂಡ್ರು. ಬಾಯಿ ಕೊಡ್ತಾರ" ಎಂದಳು ಇವಳು. ಬಾಯಿ ಎದ್ದಳು. ತನ್ನ ಕೈಯಿಂದಲೇ ಮಣ್ಣಿನ ಮಾಠದಿಂದ ನೀರು ತೆಗೆದು ಸ್ಟೀಲಿನ ಲೋಟದಲ್ಲಿ ತಂದು ಕೊಟ್ಟಳು. ಹುಡುಗಿ ಗುಳಿಗೆ ಬಾಯಿಗೆ ಹಾಕಿ, ಲೋಟ ಕಚ್ಚಿ, ಗಟಗಟ ಕುಡಿದು, ಬಿಳಿ ಗಾದಿಯ ಮೇಲೆ ಇಟ್ಟು ಹೊರಗೆ ನಡೆದಳು. ಈ ಸಲ ಬೈದೇ ಇರಲಿಲ್ಲ.

ಅದು ನನಗೆ ಹೊಳೆದದ್ದು ಬಸ್ ನಿಲ್ದಾಣದಲ್ಲಿ. ಅವಳಿಗೂ ಹೊಳೆದಿತ್ತು. ಅಕ್ಕಲಕೋಟದ ಬಸ್ಸಿಗೆ ಕಾಯುತ್ತ ನಿಂತಾಗ ಕೇಳಿದಳು.

"ಅಕ್ಕಾ, ಅಕಿ ಮ್ಯಾಲಿನ ಸಿಟ್ಟ ಹೋತ್ರಿ. ನಾಳಿಗಿ ಏನ ಮಾಡ್ಲಿ?"

ಡಾಕ್ಟರ್ ಸಾಹೇಬರ ಪ್ರಶ್ನೆ ನೆನಪಾಯಿತು. ಅವಳು ಬಲಗೈ ಬಿಚ್ಚಿದಳು. ಅಂಗಡಿಯ ಭಂಡಾರ ಬೆವರಿಗೆ ಅಂಗೈಗೆ ಮೆತ್ತಿಕೊಂಡು ಅಲ್ಲೇ ಉಳಿದಿತ್ತು. ಅದನ್ನು ನೋಡಿದಳು, ಹಣೆಗೆ ಅಡ್ಡಲಾಗಿ ಒರೆಸಿಕೊಂಡಳು.

"ಇರ್ಲಿ ಬಿಡ್ರಿ. ಮದ್ಲಿನಂಗ ಮಾಡ್ತೀನಿ" ಎಂದು ಬಸ್ಸು ಹತ್ತಿದಳು.

ಅವಳು ಈಗ ಭಂಡಾರ ಹಚ್ಚಿಕೊಂಡು ಗುಳಿಗೆ ನುಂಗುತ್ತಾಳೆ. ರಿಪೋರ್ಟ್ ಶುದ್ಧವಾಗಿದೆ. ಆ ಬಾಯಿಗೆ ಬೈಯುವ ಕೆಲಸವನ್ನು ನಾನು ವಹಿಸಿಕೊಂಡಿದ್ದೇನೆ. ದೀಪ ಹಚ್ಚುವ ಹೊತ್ತಿಗೆ, ಇಲ್ಲಿಯವರೆಗೆ ಒಂದು ದಿನವೂ ತಪ್ಪಿಸಿಲ್ಲ.